ಎದೆಯೆಲುಬಿನ ತುದಿ

ಕೂಸಿಗೆ ಎಣ್ಣೆ ಹಚ್ಚುವಾಗ ನನ್ನ ಹೆಬ್ಬೆರಳು ಹೋಗುವ ದಾರಿ ಕಣ್ಣು ಮುಚ್ಚಿದರೂ ನನಗೆ ಗೊತ್ತು. ಗಂಟಲ ಕೆಳಗಿನ ಕುಳಿಯಿಂದ ಹೊರಟು, ಎದೆಯ ನಟ್ಟನಡುವೆ ಇಳಿದು, ಪಕ್ಕೆಲುಬುಗಳು ಎರಡೂ ಕಡೆಗೆ ಅಗಲುವ ಜಾಗಕ್ಕೆ ಬಂದಾಗ ಅಲ್ಲೊಂದು ಮೆತ್ತನೆಯ ತುದಿ ಕೈಗೆ ಹತ್ತುತ್ತದೆ. ಕಿವಿಯ ಅಂಚನ್ನು ಬಾಗಿಸಿದರೆ ಹೇಗೋ ಹಾಗೆ ಬಾಗುತ್ತದೆ. ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಬಡಕಲು ಕೂಸಾದರೆ, ಅತ್ತಾಗ ಆ ತುದಿ ಚರ್ಮದೊಳಗಿಂದ ಕಣ್ಣಿಗೂ ಕಾಣುತ್ತದೆ. ನಮ್ಮ ಅತ್ತೆ ಅದನ್ನು ಔಡಲೆಣ್ಣೆ ಸವರಿ ಮೆಲ್ಲಗೆ ಒಳಗೆ ಒತ್ತುತ್ತಿದ್ದರು. ನಾನೂ ಒತ್ತಿದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಾನು ಎರೆಯದ ಕೂಸು ಕಡಿಮೆ. ಆ ಎಲುಬನ್ನು ಇಷ್ಟು ಸಲ ಮುಟ್ಟಿದವಳು ನಾನು. ಅದೇ ಎಲುಬಿನ ಕಾರಣಕ್ಕೆ ಒಬ್ಬ ಹುಡುಗಿಯ ಶಾಲೆ ಬಿಡಿಸಿದವಳೂ ನಾನೇ.

ನಾನು ಡಾಕ್ಟರಲ್ಲ, ಸೂಲಗಿತ್ತಿಯೂ ಅಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಓದಿದೆ. ನಮ್ಮ ಮನೆಯವರು ಅರಳೆ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದರು. ಅತ್ತೆಯ ಕಡೆಯಿಂದ ನನಗೆ ಎರಡು ಕೆಲಸ ಬಂದವು. ಬಾಣಂತಿಗೂ ಕೂಸಿಗೂ ಎರೆಯುವುದು ಒಂದು. ಇನ್ನೊಂದು ಬಟ್ಟಿ ತಿಕ್ಕುವುದು. ಭಾರ ಎತ್ತಿದಾಗಲೋ ಕಾಲು ಜಾರಿದಾಗಲೋ ಹೊಕ್ಕಳಿನ ನಾಡಿ ಜಾಗ ಬಿಟ್ಟು ಸರಿಯುತ್ತದೆ, ಅದರಿಂದ ಹೊಟ್ಟೆ ನೋಯುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬಟ್ಟಿ ಸರಿಯಿತು ಅನ್ನುವುದು ಅದಕ್ಕೇ. ಮೂರು ಮುಂಜಾನೆ, ಬರಿಹೊಟ್ಟೆಯಲ್ಲಿ, ಅಂಗಾತ ಮಲಗಿಸಿ, ಎಣ್ಣೆ ಕೈಯಿಂದ ತಿಕ್ಕಿ ಅದನ್ನು ಜಾಗಕ್ಕೆ ಕೂರಿಸಬೇಕು. ಯಾರಿಗೆ ಯಾವತ್ತು ಮೊದಲ ತಿಕ್ಕು, ಯಾವ ಕೂಸಿಗೆ ಎಷ್ಟನೇ ದಿನದ ನೀರು ಎಂದು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಆ ಹಳೆಯ ಕ್ಯಾಲೆಂಡರುಗಳು ಇನ್ನೂ ಸುರುಳಿ ಸುತ್ತಿ ಅಟ್ಟದ ಮೇಲಿವೆ.

ನವಿಲುತೀರ್ಥದ ಅಣೆಕಟ್ಟೆಯಲ್ಲಿ ನೀರು ನಿಂತ ಸುಮಾರಿನ ಮಾತು. ನನಗೆ ಮೂವತ್ತೆಂಟು. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ನನಗಿಂತ ಐದು ವರ್ಷ ದೊಡ್ಡವಳಾದ ಗೆಳತಿ ಇದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಹಿತ್ತಲ ಗೋಡೆಯ ಮೇಲೆ ಮಜ್ಜಿಗೆ ಬಟ್ಟಲು ಅತ್ತಿತ್ತ ಹೋಗದ ದಿನವಿರಲಿಲ್ಲ. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಒಲೆಯ ಹತ್ತಿರವೇ ಕೂತಳು.

“ತಂಗಿ, ಇಲ್ಲಿ ಮುಟ್ಟಿ ನೋಡು. ಕುಪ್ಪಸ ಕಟ್ಟೂವಾಗ ಏನೋ ಗಟ್ಟಿ ಹತ್ತಾಕತ್ತೈತಿ.”

“ನಿನ್ನಿ ತಿಂದ ಕಟಕರೊಟ್ಟಿ ಇರಬೇಕ ಬಿಡಬೇ. ಇನ್ನೂ ಕರಗಿಲ್ಲ.”

“ಚ್ಯಾಷ್ಟಿ ಮಾಡಬ್ಯಾಡ. ಮುಟ್ಟ ಅಂದ್ರ ಮುಟ್ಟು.”

ಹಿಟ್ಟಿನ ಕೈ ಒರೆಸಿಕೊಂಡು ಮುಟ್ಟಿದೆ. ನಮ್ಮ ಕಡೆಯ ಕುಪ್ಪಸ ಮುಂದೆ ಎರಡು ಅಂಚು ಕೂಡಿಸಿ ಕಟ್ಟುವಂಥದ್ದು. ಆ ಕಟ್ಟಿನ ಕೆಳಗೆ, ಎದೆಗುಳಿಯಲ್ಲಿ, ಹುಣಸೆಬೀಜದಷ್ಟು ದೊಡ್ಡದೊಂದು ಗಟ್ಟಿ ತುದಿ ಇತ್ತು. ಒತ್ತಿದರೆ ಅಲುಗಲಿಲ್ಲ.

“ಲಿಂಗಾ ಹೊಡದು ಹೊಡದು ಹಿಂಗ ಆಗಿರಬೇಕಲ್ಲ?” ಎಂದಳು. ಅವಳ ಕೊರಳಿನ ಲಿಂಗದ ಕರಡಿಗೆ ಸರಿಯಾಗಿ ಅಲ್ಲಿಗೇ ಇಳಿಬೀಳುತ್ತಿತ್ತು. ಹೌದು ಎಂದು ನಾನು ಅನ್ನಲಿ ಎಂಬ ಆಸೆ ಅವಳ ಕಣ್ಣಲ್ಲಿತ್ತು.

“ನೋಡೂಣು. ಮೂರು ದಿನಾ ತಿಕ್ಕತೇನಿ,” ಎಂದೆ.

ತಿಕ್ಕಿದೆ. ಎರಡನೇ ದಿನಕ್ಕೆ ಅವಳಿಗೆ ಅಲ್ಲಿ ನೋವು ಶುರುವಾಯಿತು. ನಾನು ತಿಕ್ಕಿದ್ದಕ್ಕೇ ನೋಯುತ್ತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನೋವು ಬಂತೆಂದರೆ ಒಳಗೆ ಏನೋ ಬೆಳೆಯುತ್ತಿದೆ ಎಂದೇ ತಿಳಿದೆವು. ನಾಲ್ಕನೇ ದಿನ ಕೈ ತೊಳೆದುಕೊಂಡು, ನಮ್ಮ ಅತ್ತೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದೆ: “ಇದು ಬಟ್ಟಿ ಅಲ್ಲಬೇ ಅಕ್ಕಾ. ಗಡ್ಡಿ ಆಗೈತಿ.”

ಅದರ ಹಿಂದಿನ ವರ್ಷ ಓಣಿಯ ಒಬ್ಬಾಕೆ ಎದೆಯಲ್ಲಿ ಗಡ್ಡೆ ಎಂದು ದೊಡ್ಡ ಊರಿನ ದವಾಖಾನೆಗೆ ಹೋಗಿ, ಕೊಯ್ಯಿಸಿಕೊಂಡು ಬಂದು, ಎರಡೇ ತಿಂಗಳಿಗೆ ತೀರಿಕೊಂಡಿದ್ದಳು. ಕತ್ತಿ ತಾಗಿದ್ದಕ್ಕೇ ಹೋದಳು ಎಂದು ಓಣಿಯೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಅಕ್ಕನ ಗಂಡ ದವಾಖಾನೆಯ ಮಾತು ಎತ್ತಿದಾಗ ಅವಳು ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ.

“ಕೊಯ್ಸಾಕ ನಾ ಹೋಗೂದಿಲ್ಲ,” ಎಂದಳು ಅಕ್ಕ. “ಇರೂದೊಂದ ಮಗಳು. ಆಕಿ ತಲಿಮ್ಯಾಲ ನಾಕ ಅಕ್ಕಿಕಾಳ ಹಾಕಿ ಹೋಗತೇನಿ.”

ಆ ಮಗಳಿಗೆ ಆಗ ಹದಿನಾರು, ಹತ್ತನೆಯ ತರಗತಿ. ಹುಟ್ಟಿದ ಮೂರನೇ ದಿನದಿಂದ ನನ್ನ ಕಾಲ ಮೇಲೆ ಮಲಗಿ ಎರೆಸಿಕೊಂಡ ಕೂಸು. ಸಣ್ಣ ಮಕ್ಕಳ ಶಾಲೆಗೆ ಅಕ್ಕೋರು ಆಗಬೇಕೆಂದು ಅವಳ ಆಸೆ. ಸಂಜೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ನಾನು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ನದಿಗಳ ಹೆಸರು, ಗಿಡದ ಎಲೆಯ ಭಾಗಗಳು, ಇಂಗ್ಲಿಷಿನ ಪದ್ಯ. ಅರ್ಥವಾಗದಿದ್ದರೂ ಆ ದನಿ ನಿಂತರೆ ಸಂಜೆ ಏನೋ ಕಮ್ಮಿ ಅನಿಸುತ್ತಿತ್ತು.

ಗಡ್ಡೆಯ ಮಾತು ಅವಳ ಕಿವಿಗೆ ಬಿದ್ದ ಮರುದಿನ ವಿಜ್ಞಾನದ ಪುಸ್ತಕ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದಳು. ಅಕ್ಕ ಅಲ್ಲೇ ಚಾಪೆಯ ಮೇಲೆ ಮಲಗಿದ್ದಳು. ಹುಡುಗಿ ಅಸ್ಥಿಪಂಜರದ ಚಿತ್ರ ತೆಗೆದು ನನ್ನ ಮೊರದ ಪಕ್ಕದಲ್ಲಿ ಇಟ್ಟಳು.

“ಕಾಕು, ಇದನ್ನ ನೋಡ್ರಿ. ಎದಿ ನಡುವಿನ ಎಲುಬು. ಖಡ್ಗ ಇದ್ದಂಗ ಐತಿ. ಮ್ಯಾಲಿಂದು ಹಿಡಕಿ, ನಡುವಿಂದು ಅಲಗು, ಕೆಳಗ ಚೂಪನ್ನ ತುದಿ. ಅವ್ವಗ ಹತ್ತೂದು ಈ ತುದಿನ ಇರಬೇಕ್ರಿ.”

“ಹಂಗಿದ್ರ ಅದು ನಿನಗೂ ಇರಬೇಕಲ್ಲ? ಬಾ ಇಲ್ಲಿ.”

ಅವಳ ಎದೆಗುಳಿ ಮುಟ್ಟಿದೆ. ಮೆತ್ತಗಿತ್ತು, ಬೆರಳಿಗೆ ಬಾಗಿತು. ನನ್ನದನ್ನು ಮುಟ್ಟಿ ನೋಡಿಕೊಂಡೆ. ಅದೂ ಮೆತ್ತಗೇ ಇತ್ತು. ಮೂರು ಎದೆ ಪರೀಕ್ಷೆ ಮಾಡಿದ ಮೇಲೆ ನನ್ನ ಧೈರ್ಯ ದೊಡ್ಡದಾಯಿತು.

“ನಿಂದೂ ಮೆತ್ತಗ, ನಂದೂ ಮೆತ್ತಗ. ನಿಮ್ಮವ್ವಂದಷ್ಟ ಕಲ್ಲ ಆಗೈತಿ. ಪುಸ್ತಕದಾಗಿಂದು ಬ್ಯಾರೆ ಇರತೈತಿ, ಕೈಗೆ ಹತ್ತೂದು ಬ್ಯಾರೆ ಇರತೈತಿ ನಮ್ಮವ್ವಾ.”

“ನಮ್ಮ ಸರ್‌ನ ಕೇಳಿಕೊಂಡ ಬರತೇನಿ.”

ಚಾಪೆಯ ಮೇಲಿಂದ ಅಕ್ಕ ತಲೆ ಎತ್ತಿದಳು. “ಅವ್ವನ ಎದಿ ಬಗ್ಗೆ ಗಂಡಸು ಮಾಸ್ತರನ್ನ ಕೇಳತೀಯೇನ? ಮಾರಿ ಮ್ಯಾಲ ನಾಚಿಕಿ ಐತಿಲ್ಲ?”

ನಾನು ನಕ್ಕೆ. ಹುಡುಗಿ ಪುಸ್ತಕ ಮುಚ್ಚಿ, ಅದರ ಮೇಲೆ ಬಿದ್ದಿದ್ದ ಜೋಳದ ಹೊಟ್ಟನ್ನು ಊದಿ ಎದ್ದು ಹೋದಳು. ಆ ನಗುವನ್ನು ನಾನು ಎಷ್ಟೋ ಸಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಮನಸ್ಸಿನಲ್ಲಿ.

ಕಿತ್ತೂರಿನ ಆಚೆ, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಡು ಗೊತ್ತಾಯಿತು. ಕಬ್ಬು ಬೆಳೆಯುವ ಮನೆ, ಕೆಟ್ಟವರಲ್ಲ. ಹುಡುಗ ಎತ್ತಿನ ಗಾಡಿಯಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಪರೀಕ್ಷೆಗೆ ಎರಡು ತಿಂಗಳಿತ್ತು, ಮದುವೆಗೆ ಇಪ್ಪತ್ತು ದಿನ. ಹುಡುಗಿ ನೀರು ಸೇದುವ ನೆವದಲ್ಲಿ ಬಾವಿಯ ಹತ್ತಿರ ನನ್ನನ್ನು ಹಿಡಿದಳು.

“ಕಾಕು, ನೀವು ಹೇಳಿದ್ರ ಅವ್ವ ಕೇಳತಾಳ. ಎರಡ ತಿಂಗಳಾ ನಿಲ್ಲಸ್ರಿ. ಪರೀಕ್ಷಾ ಮುಗದ ಮರುದಿನ ಮಾಡಿಕೊಡ್ರಿ, ನಾ ಒಲ್ಲೆ ಅನ್ನೂದಿಲ್ಲ.”

“ಎರಡ ತಿಂಗಳಾ ನಿಮ್ಮವ್ವಗ ಸಿಗತಾವೋ ಇಲ್ಲೋ,” ಎಂದೆ. “ಆಕಿ ಕಣ್ಣಿಗೆ ನೀ ಮದುಮಗಳಾಗಿ ಕಾಣಬ್ಯಾಡೇನು?”

ಅವಳು ಕೊಡ ತುಂಬುವ ಮೊದಲೇ ಹಗ್ಗ ನನ್ನ ಕೈಗೆ ಕೊಟ್ಟು ಹೋದಳು. ಮದುವೆಯ ಹಿಂದಿನ ದಿನ ಅರಿಷಿಣ ಹಚ್ಚಲು ನನ್ನನ್ನೇ ಕರೆದರು. ಕೊರಳಿಂದ ಇಳಿಯುತ್ತ ನನ್ನ ಬೆರಳು ಅದೇ ಮೆತ್ತನೆಯ ತುದಿಯ ಮೇಲೆ ಹಾದುಹೋಯಿತು. ನಾನು ಹಾಡು ಹೇಳುವುದರಲ್ಲಿದ್ದೆ.

ಅಕ್ಕ ಸಾಯಲಿಲ್ಲ. ಮಗಳನ್ನು ಕಳಿಸಿದ ಚಿಂತೆ ಕಳೆದ ಮೇಲೆ ಅವಳ ಮೈ ತುಂಬಿಕೊಂಡಿತು. ಸೋಮವಾರ ಸೋಮವಾರ ನಾನು ತಿಕ್ಕುತ್ತಲೇ ಇದ್ದೆ. ಗಡ್ಡೆ ಬೆಳೆಯಲೂ ಇಲ್ಲ, ಕರಗಲೂ ಇಲ್ಲ. ನನ್ನ ಕೈ ಅದನ್ನು ಅಲ್ಲೇ ನಿಲ್ಲಿಸಿತು ಎಂದು ಮಾತಾಯಿತು. ಮನೋಳಿಯಿಂದಲೂ ಒಬ್ಬಳು ಬಸ್ಸಿನಲ್ಲಿ ಹುಡುಕಿಕೊಂಡು ಬಂದಳು. ನನಗೆ ಖುಷಿಯಾಗುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಮೂರು ವರ್ಷ ಆ ಖುಷಿಯಲ್ಲಿ ಕಳೆದೆ.

ನಲವತ್ತೊಂದನೆಯ ವರ್ಷದಲ್ಲಿ ನನ್ನ ಒಡಹುಟ್ಟಿದ ಅಕ್ಕನ ಮಗಳ ಬಾಣಂತನಕ್ಕೆಂದು ಸುರೇಬಾನಕ್ಕೆ ಹೋದೆ. ಅಲ್ಲಿ ಕೂಸಿಗೆ ಎರೆದು, ಬಾಣಂತಿಗೆ ಎರೆದು, ಕೊನೆಗೆ ನಾನು ನೀರು ಹಾಕಿಕೊಳ್ಳುವಾಗ ಒಂದು ದಿನ ಕೈಗೆ ಹತ್ತಿತು. ಎದೆಗುಳಿಯಲ್ಲಿ, ಹುಣಸೆಬೀಜದಷ್ಟು, ಗಟ್ಟಿ. ಬಿಸಿನೀರಿನ ಬಚ್ಚಲಲ್ಲಿ ಕೂತಲ್ಲೇ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಪಕ್ಕದ ಮನೆಯ ಅಕ್ಕನಿಗೆ ದವಾಖಾನೆ ಬೇಡ ಎಂದು ತಲೆ ಅಲ್ಲಾಡಿಸಿದವಳು, ನನ್ನದು ಎಂದಾಗ ಎರಡನೆಯ ದಿನವೇ ರಾಮದುರ್ಗದ ಬಸ್ಸು ಹತ್ತಿದೆ.

ರಾಮದುರ್ಗದ ಡಾಕ್ಟರು ವಯಸ್ಸಾದವರು, ಸಣ್ಣ ಕೋಣೆ, ಕೂರಲು ಒಂದು ಬಾಕು. ಒತ್ತಿ ನೋಡಿ ನಕ್ಕರು.

“ಯವ್ವಾ, ಮನ್ಯಾಗ ಅಳಾಕ ಶುರು ಮಾಡ್ಯಾರೇನು?”

“ಇನ್ನೂ ಹೇಳಿಲ್ರಿ.”

“ಹೇಳಬ್ಯಾಡ್ರಿ ಮತ್ತ. ಇದು ನಿಮ್ಮ ಎಲುಬು. ಎದಿ ಎಲುಬಿನ ಬಾಲ. ನಲವತ್ತ ದಾಟಿದವರು ಆವಾಗೊಮ್ಮೆ ಈವಾಗೊಮ್ಮೆ ಹಿಂಗ ಹೆದರಿಕೊಂಡ ಬರತಾರ.”

ನಾನು ನಂಬಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು ಎಂದೆ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕೂಸುಗಳಿಗೆ ಎರೆಯುತ್ತೇನೆ ಎಂದೆ. ಬಟ್ಟಿಯ ಮಾತು ಆಡಲಿಲ್ಲ.

“ಹಂಗಾರ ನನಗಿಂತ ನಿಮಗ ಗೊತ್ತೈತಲ್ಲ! ಕೂಸಿಗೆ ಎಣ್ಣಿ ಹಚ್ಚೂವಾಗ ಇಲ್ಲಿ ಏನ ಹತ್ತತದ ಕೈಗೆ?”

“ಮೆತ್ತಂದೊಂದು ತುದಿರಿ. ಕಿವಿ ಅಂಚಿನಂಗ.”

“ಅದ ಇದು. ಆವಾಗ ಮೆತ್ತಗಿತ್ತು, ಈಗ ಬಲಿತದ.”

ಹೊರಗೆ ಬೇರೆ ರೋಗಿಗಳಿರಲಿಲ್ಲ. ಮಾತಿಗೆ ಸಿಕ್ಕಿದ್ದೆನೆಂದು ಅವರು ಪೂರ್ತಿ ಹೇಳಿದರು. ಬಸುರಿನಲ್ಲಿ ಕೂಸಿಗೆ ಮೊದಲು ಎದೆಯೆಲುಬು ಒಂದಾಗಿ ಇರುವುದಿಲ್ಲವಂತೆ. ಆ ಕಡೆ ಒಂದು ಪಟ್ಟಿ, ಈ ಕಡೆ ಒಂದು ಪಟ್ಟಿ, ಎರಡೂ ಮೆತ್ತನೆಯವು. ಪಕ್ಕೆಲುಬುಗಳು ಬೆಳೆಯುತ್ತ ಬಂದು ಅವಕ್ಕೆ ಹತ್ತುತ್ತವೆ. ಆಮೇಲೆ ಎರಡೂ ಪಟ್ಟಿ ಮೇಲಿಂದ ಕೆಳಕ್ಕೆ ಕೂಡುತ್ತ ಬರುತ್ತವೆ. “ನೀವು ಕುಪ್ಪಸದ ಎರಡ ಅಂಚು ಕೂಡಿಸೂದಿಲ್ಲೇನು, ಹಂಗ,” ಎಂದರು. ಕೂಡಿದ ಪಟ್ಟಿಯಲ್ಲಿ ಮುಂದೆ ತುಂಡು ತುಂಡಾಗಿ ಎಲುಬು ಮೂಡುತ್ತದೆ. ಮೇಲಿನದೊಂದು ಹಿಡಿಕೆ, ನಡುವಿನ ಅಲಗು ಸಣ್ಣ ಮಕ್ಕಳಲ್ಲಿ ನಾಲ್ಕು ತುಂಡಾಗಿಯೇ ಇರುತ್ತದೆ. ಹರೆಯಕ್ಕೆ ಬಂದ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದಕ್ಕೊಂದು ಬೆಸೆದು, ಇಪ್ಪತ್ತೈದರ ಸುಮಾರಿಗೆ ಒಂದೇ ಎಲುಬಾಗುತ್ತದೆ. ಹಿಡಿಕೆಯೂ ಅಲಗೂ ಸೇರುವಲ್ಲಿ ಒಂದು ದಿಬ್ಬ; ನನ್ನ ಬೆರಳನ್ನೇ ಅದರ ಮೇಲೆ ಇಡಿಸಿ, ಇದರ ಎರಡೂ ಬದಿಗೆ ಇರುವುದು ಎರಡನೆಯ ಪಕ್ಕೆಲುಬು, ಡಾಕ್ಟರುಗಳು ಇಲ್ಲಿಂದಲೇ ಎಣಿಸುತ್ತಾರೆ ಎಂದರು. ನನ್ನ ಹೆಬ್ಬೆರಳು ದಿನಾ ದಾಟಿ ಹೋಗುತ್ತಿದ್ದ ದಿಬ್ಬ ಅದು.

“ಕೆಳಗಿನ ತುದಿ ಮಾತ್ರ ಆಳಸಿ. ಎಲ್ಲಾ ಮುಗದ ಮ್ಯಾಲ, ನಲವತ್ತರ ಆಜೂಬಾಜೂ, ಬಲತು ಅಲಗಿಗೆ ಹತ್ತಿಕೋತದ. ಕೆಲವರಿಗೆ ಮುಂದಕ ಬಾಗಿರತದ. ಅವರು ನನ್ನ ಕಡೆ ಬರತಾರ.”

ನನ್ನ ಬೆರಳು ಆ ತುದಿಯ ಮೇಲೆ ಇಳಿದಿತ್ತು. “ಹದಿನಾರ ವರ್ಷದ ಹುಡಿಗಿಗೆ ಹ್ಯಾಂಗಿರತೈತ್ರಿ?”

“ಮೆತ್ತಗ.”

“ಮೂವತ್ತೆಂಟಕ್ಕ?”

“ಮೆತ್ತಗ ಇದ್ದರೂ ಇರಬಹುದು.”

“ನಲವತ್ಮೂರಕ್ಕ?”

“ಗಟ್ಟಿ ಆಗಿರತದ. ಯಾಕವ್ವಾ, ಯಾರ್‍ಯಾರ ಲೆಕ್ಕಾ ತಗೀಯಾಕತ್ತೀರಿ?”

ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಊರಿಗೆ ಬರುವ ಬಸ್ಸು ಸವದತ್ತಿಯಲ್ಲಿ ಬಹಳ ಹೊತ್ತು ನಿಂತಿತು. ಶೇಂಗಾ ಮಾರುವವರು ಕಿಟಕಿಗೆ ಬಂದು ಹೋದರು. ನಾನು ಸಾಯುವುದಿಲ್ಲ ಎಂಬ ಸಮಾಧಾನ ಎದೆಯಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ಮೆತ್ತನೆಯ ತುದಿಯನ್ನು ಎಷ್ಟೋ ಕೂಸುಗಳಲ್ಲಿ ಮುಟ್ಟಿದ್ದೆ. ಗಟ್ಟಿ ತುದಿಯನ್ನು ಅಕ್ಕನಲ್ಲಿ ಮುಟ್ಟಿದ್ದೆ. ಎರಡೂ ಒಂದೇ ಜಾಗ ಎಂದು ನನ್ನದೇ ಕೈ ಹೇಳಬಹುದಿತ್ತು, ನಾನು ಕೇಳಬಹುದಿತ್ತು.

ಅಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಹೇಳಿದೆ.

“ಎಲುಬೇನ? ಬರೇ ಎಲುಬೇನ?” ಎಂದು ಎದೆ ಬಡಿದುಕೊಂಡು ನಕ್ಕಳು. “ಅಯ್ಯ ನನ್ನ ಶಿವನೇ, ನನ್ನ ಎಲುಬಿಗೆ ನಾನ ಹೆದರಿದ್ನೆಲ್ಲ!” ನಗುತ್ತ ನಗುತ್ತ ಗೋಡೆಯ ಗೂಟದ ಕಡೆ ನೋಡಿದಳು. ಮಗಳ ಶಾಲೆಯ ಪಾಟೀಚೀಲ ಅಲ್ಲಿ ತೂಗುತ್ತಿತ್ತು. ಈಗ ಅದರಲ್ಲಿ ಒಣಮೆಣಸಿನಕಾಯಿ. ನಗು ನಿಂತಿತು.

“ಹಂಗಾರ ಆಕಿ ಹೇಳಿದ್ದು ಖರೇ ಇತ್ತು.”

“ಹೌದಬೇ.”

“ನಿನ್ನ ಕೈಗೆ ಬೆಂಕಿ ಹತ್ತಲಿ,” ಎಂದಳು, ಕೂಗದೆ. ಬೆಳ್ಳುಳ್ಳಿ ಸಿಪ್ಪೆಯನ್ನು ಒಂದೆಡೆ ಗುಡಿಸುತ್ತ, “ಆಕಿ ಮುಂದ ಹೇಳಬ್ಯಾಡ. ಈಗ ಬಸರ ಐತಿ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ವಾರವೆಲ್ಲ ಗೋಡೆಯ ಮೇಲೆ ಮಜ್ಜಿಗೆ ಬಟ್ಟಲು ಬರಲಿಲ್ಲ. ನಾನು ಇಟ್ಟದ್ದು ಅಲ್ಲೇ ಕೆನೆಗಟ್ಟಿ ಕೂತಿತ್ತು.

ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೈ ಒರಟಾಗಿದ್ದವು, ಕಬ್ಬಿನ ಗರಿ ಕೊಯ್ದ ಗೆರೆಗಳಿದ್ದವು. ದೀಪಾವಳಿಗೆ ಮೊದಲು ಹೆಣ್ಣುಕೂಸು ಹುಟ್ಟಿತು. ಎರೆಯಲು ಮತ್ತೆ ನನ್ನನ್ನೇ ಕರೆದರು. ಬೇರೆ ಯಾರನ್ನು ಕರೆದರೂ ಓಣಿ ಯಾಕೆ ಎಂದು ಕೇಳುತ್ತಿತ್ತು. ಐದನೆಯ ದಿನ, ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಕೂಸು ಚೀರಿ ಅತ್ತಿತು. ಪುಟ್ಟ ಎದೆಯ ಕೆಳಗೆ ತುದಿ ಎದ್ದು ಕಂಡಿತು. ಹುಡುಗಿ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಕಾಕು, ಇದಕ್ಕೂ ಅವ್ವನ ಗಡ್ಡಿ ಐತಲ್ರಿ?”

ಅಕ್ಕನಿಗೆ ಕೊಟ್ಟ ಮಾತು ಅಷ್ಟೇ ದಿನ ಬಾಳಿತು. ಕೂಸಿನ ಮುಖ ನೋಡುತ್ತಲೇ ಎಲ್ಲ ಹೇಳಿಬಿಟ್ಟೆ. ರಾಮದುರ್ಗ, ಡಾಕ್ಟರು, ನನ್ನದೇ ಎದೆ, ವಯಸ್ಸಿನ ಲೆಕ್ಕ. ತಪ್ಪಾಯಿತು ಎಂದೆ.

“ನಾ ಆವತ್ತ ಹೇಳಿದ್ನೆಲ್ಲ ಕಾಕು,” ಎಂದಳು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. “ಕೂಸಿನ ಕಣ್ಣಾಗ ಎಣ್ಣಿ ಹೊಂಟೈತಿ, ನೋಡ್ರಿ.”

ಎರಡು ದಿನ ಬಿಟ್ಟು ನಾನೇ ಹೋದೆ. ಈ ಸಲ ಶಾಲೆಗೆ ಹೋಗದೆಯೇ ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂಡು, ಕೂಸನ್ನು ದಿನಾ ನಾನು ನೋಡಿಕೊಳ್ಳುತ್ತೇನೆ, ನೀನು ಅಟ್ಟದ ಮೇಲೆ ಕೂತು ಓದು ಎಂದೆ. ಅವಳ ಮುಖ ಒಂದು ಗಳಿಗೆ ಹಳೆಯ ಮುಖವಾಯಿತು. ಓದಿದಳು ಕೂಡ. ಶಿವರಾತ್ರಿಯವರೆಗೂ ಗೋಡೆಯಾಚೆಯಿಂದ ಆ ದನಿ ಬಂತು, ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆಯ ಜೊತೆಗೆ. ಅಕ್ಕನೂ ಬಟ್ಟಲು ಕಳಿಸತೊಡಗಿದಳು. ಆದರೆ ಐದನೆಯ ತಿಂಗಳಿಗೆ ಅತ್ತೆಮನೆಯವರು ಕರೆಯಲು ಬಂದರು. ಪರೀಕ್ಷೆಗೆ ಇನ್ನೂ ಮೂರು ವಾರ. ಕಬ್ಬು ಕಡಿಯುವುದು ನಡೆದಿತ್ತು, ಮನೆಯಲ್ಲಿ ಕೈ ಸಾಲದು ಎಂದರು. ನಾನು ನಡುವೆ ಬಾಯಿ ಹಾಕಿ, ಇನ್ನೊಂದು ತಿಂಗಳು ಬಿಡಿರೆಂದು ಅವಳ ಮಾವನನ್ನು ಕೇಳಿಕೊಂಡೆ.

“ಬಾಯಾರ, ಆವತ್ತ ಅವಸರ ಮಾಡಿದವರು ನೀವು,” ಎಂದರು ಅವರು, ಮರ್ಯಾದೆಯಿಂದಲೇ. “ಪರೀಕ್ಷಾ ಮುಗೀಲಿ ಅಂತ ನಾವ ಅಂದಿದ್ವಿ. ಬೀಗತಿ ಉಳಿಯೂದಿಲ್ಲ ಅಂದ್ರಿ.”

ಅದು ನಿಜ. ಅವರು ಹಾಗೆ ಅಂದಿದ್ದು ನನಗೆ ಮರೆತೇ ಹೋಗಿತ್ತು. ಹುಡುಗಿ ಕೂಸನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಪುಸ್ತಕಗಳನ್ನು ಒಯ್ಯಲಿಲ್ಲ.

ಬಟ್ಟಿ ತಿಕ್ಕುವುದನ್ನು ಆವತ್ತೇ ಬಿಟ್ಟೆ. ಎರೆಯುವುದನ್ನು ಅರವತ್ತು ದಾಟಿದ ಈಗಲೂ ಬಿಟ್ಟಿಲ್ಲ. ವಿಜ್ಞಾನದ ಪುಸ್ತಕವನ್ನು ಅಕ್ಕನಿಂದ ಕೇಳಿ ತಂದು ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಹಿಂದಿನ ಓಣಿಯ ಒಬ್ಬಾಕೆ, ನಲವತ್ತು ದಾಟಿದವಳು, ಎದೆಗುಳಿ ಹಿಡಿದುಕೊಂಡು ಬಂದಳು. ಮನೆಯಲ್ಲಿ ಒಂಬತ್ತನೆಯ ತರಗತಿಗೆ ಹೋಗುವ ಮಗಳು. ತಿಕ್ಕಿರಿ ಎಂದಳು. ತಿಕ್ಕುವುದಿಲ್ಲ, ಇದು ನಿನ್ನ ಎಲುಬು, ಹೆದರಿಕೆಯಿದ್ದರೆ ಡಾಕ್ಟರಿಗೆ ತೋರಿಸು ಎಂದು ಪುಸ್ತಕದ ಚಿತ್ರ ತೆರೆದೆ.

“ಕಾಕು, ನಿಮಗ ವಯಸ್ಸಾತು. ಕೈ ಸೋತೈತಿ, ಅದಕ್ಕ ಹಿಂಗ ಅಂತೀರಿ,” ಎಂದು ನಕ್ಕಳು. “ಪುಸ್ತಕದಾಗಿಂದು ಬ್ಯಾರೆ ಇರತೈತ್ರಿ. ಬಜಾರದ ಕಡೆ ಒಬ್ಬಾಕಿ ಚಲೋ ತಿಕ್ಕತಾಳಂತ, ಅಲ್ಲಿಗರ ಹೋಗತೇನಿ.”

ಹೊಸ್ತಿಲು ದಾಟುತ್ತಿದ್ದವಳ ಕೈ ಹಿಡಿದು ಒಳಗೆ ಎಳೆದೆ. ಬಾಗಿಲು ಮುಂದೆ ಮಾಡಿ, ಕುಪ್ಪಸದ ಕಟ್ಟು ಬಿಚ್ಚಿ, ಅವಳ ಬೆರಳನ್ನು ನನ್ನ ಎದೆಗುಳಿಯ ಮೇಲೆ ಇಟ್ಟು ಒತ್ತಿದೆ. “ಮುಟ್ಟು. ಇದು ನಂದು. ಈಗ ನಿಂದು ಮುಟ್ಟಿ ನೋಡಿಕೋ.”

ಅವಳು ಮುಟ್ಟಿ ನೋಡಿಕೊಂಡಳು. ಮತ್ತೆ ನನ್ನದನ್ನು ಮುಟ್ಟಿದಳು. ಸೆರಗು ಹೊದ್ದುಕೊಂಡು ಹೊರಟಳು. ಬಜಾರದ ಕಡೆ ಹೋದಳೋ ಮನೆಯ ಕಡೆ ಹೋದಳೋ ನೋಡಲು ನಾನು ಹೊರಗೆ ಬರುವಷ್ಟರಲ್ಲಿ ಓಣಿಯ ತಿರುವು ದಾಟಿದ್ದಳು. ಅವಳ ಮಗಳು ಪಾಟೀಚೀಲ ಹಾಕಿಕೊಂಡು ಶಾಲೆಗೆ ಹೋಗುವುದನ್ನು ಮುಂಜಾನೆ ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಈವತ್ತೂ ಹೋದಳು.